ದೊಡ್ಡ ಅಂಕಿ ಅಂಗಡಿಗೆ, ಸಣ್ಣ ಗುರುತು ಕ್ಯಾಮೆರಾಗೆ

ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದ್ದೇ ತಡ, ವಾಲಗದವರು ಗಟ್ಟಿಮೇಳ ಎತ್ತಿಕೊಳ್ಳುತ್ತಾರೆ. ಮಾಂಗಲ್ಯ ವಧುವಿನ ಕೊರಳ ಹತ್ತಿರ ಬರುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ತೂರಿಬರುತ್ತದೆ. ಮಂಟಪದ ಕಂಬಕ್ಕೊರಗಿ ನಿಂತ ಛಾಯಾಗ್ರಾಹಕ ಬಟನ್ ಒತ್ತಿ ಹಿಡಿದಿದ್ದಾನೆ. ಟಕಟಕನೆ ಬಡಿಯುತ್ತಿದ್ದ ಶಟರ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಪರದೆಯ ಮೇಲೆ ‘ಬ್ಯುಸಿ’ ಎಂಬ ಸೂಚನೆ, ಪಕ್ಕದಲ್ಲಿ ಮಿಣುಕುವ ಕೆಂಪು ದೀಪ. ಮೂರನೆಯ ಗಂಟೂ ಬಿದ್ದ ಮೇಲೆ ಕ್ಯಾಮೆರಾ ಮತ್ತೆ ಮಾತು ಕೇಳತೊಡಗುತ್ತದೆ.

ಕ್ಯಾಮೆರಾದ ಬೆಲೆ ಲಕ್ಷ ದಾಟಿರಬಹುದು. ಲೆನ್ಸ್ ಕೂಡ ಅದಕ್ಕೆ ತಕ್ಕದ್ದೇ. ಆ ಗಳಿಗೆಯಲ್ಲಿ ಅವೆರಡನ್ನೂ ಕಟ್ಟಿಹಾಕಿದ್ದು 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಮೆಮೊರಿ ಕಾರ್ಡ್. ಅದು ಕೆಟ್ಟಿರಲಿಲ್ಲ, ನಕಲಿಯೂ ಆಗಿರಲಿಲ್ಲ. ಆ ಕ್ಯಾಮೆರಾಗೆ, ಆ ಕೆಲಸಕ್ಕೆ ಹೊಂದುತ್ತಿರಲಿಲ್ಲ, ಅಷ್ಟೇ.

ಕ್ಯಾಮೆರಾ ಕೊಳ್ಳುವಾಗ ವಾರಗಟ್ಟಲೆ ವಿಚಾರಿಸುವವರೂ ಕಾರ್ಡ್ ವಿಷಯಕ್ಕೆ ಬಂದಾಗ ‘ಒಂದು 64 ಜಿಬಿ ಕೊಡಿ’ ಎಂದು ಮಾತು ಮುಗಿಸುತ್ತಾರೆ. ಉಳಿದದ್ದನ್ನು ಅಂಗಡಿಯವರ ವಿವೇಚನೆಗೆ ಬಿಡುತ್ತಾರೆ. ಆದರೆ ಕಾರ್ಡಿನ ಮೇಲೆ ಮುದ್ರಿಸಿರುವುದನ್ನು ಓದಲು ಕಲಿಯುವುದು ಹತ್ತು ನಿಮಿಷದ ಕೆಲಸ.

ಒಂದು ಕಾರ್ಡ್, ಆರು ಗುರುತು

ಯಾವುದಾದರೂ ಎಸ್‌ಡಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ. ಎದ್ದು ಕಾಣುವುದು ಎರಡು ಅಂಕಿ: 64 ಜಿಬಿ, 128 ಜಿಬಿ ಎಂಬ ಸಂಗ್ರಹ ಸಾಮರ್ಥ್ಯ, ಸೆಕೆಂಡಿಗೆ 170 ಎಂಬಿ, 200 ಎಂಬಿ ಎಂಬ ವೇಗ. ಇವುಗಳ ನಡುವೆ ಕಣ್ಣು ಕಿರಿದು ಮಾಡಿ ನೋಡಬೇಕಾದ ಗುರುತುಗಳಿವೆ. ಎಸ್‌ಡಿಎಚ್‌ಸಿ ಅಥವಾ ಎಸ್‌ಡಿಎಕ್ಸ್‌ಸಿ ಎಂಬ ಲಾಂಛನ, ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು, ಇಂಗ್ಲಿಷಿನ ‘ಯು’ ಅಕ್ಷರದ ಬಟ್ಟಲೊಳಗೆ 1 ಅಥವಾ 3, ‘ವಿ’ ಅಕ್ಷರದ ಪಕ್ಕ 30, 60 ಅಥವಾ 90.

ದೊಡ್ಡ ವೇಗದ ಅಂಕಿಯನ್ನು ಬರೆದುಕೊಂಡದ್ದು ಕಾರ್ಡ್ ತಯಾರಿಸಿದ ಕಂಪನಿ. ಎಲ್ಲ ಅನುಕೂಲಗಳೂ ಕೂಡಿಬಂದಾಗ ಕಾರ್ಡ್ ಮುಟ್ಟಬಲ್ಲ ಗರಿಷ್ಠ ಅದು. ಸಣ್ಣ ಗುರುತುಗಳ ಅರ್ಥವನ್ನು ನಿಗದಿ ಮಾಡಿದ್ದು ಎಸ್‌ಡಿ ಅಸೋಸಿಯೇಷನ್ ಎಂಬ ಉದ್ಯಮಗಳ ಒಕ್ಕೂಟ. ಯಾವ ಕಿಂಡಿಗೆ ಕಾರ್ಡ್ ಹೊಂದುತ್ತದೆ, ಎಂಥ ಹೊತ್ತಿನಲ್ಲೂ ಇಳಿಯಬಾರದ ಕನಿಷ್ಠ ವೇಗ ಎಷ್ಟು ಎಂದು ಅವು ಹೇಳುತ್ತವೆ. ಕ್ಯಾಮೆರಾದ ಕೈಪಿಡಿ ಮಾತಾಡುವುದು ಈ ಸಣ್ಣ ಗುರುತುಗಳ ಭಾಷೆಯಲ್ಲಿ. ಕೊಳ್ಳುವವರೂ ಅದನ್ನೇ ಕಲಿತರೆ ದುಡ್ಡೂ ಉಳಿಯುತ್ತದೆ, ಚಿತ್ರವೂ ಉಳಿಯುತ್ತದೆ.

ಕ್ಯಾಸೆಟ್ಟಿನಿಂದ ಚಿಪ್‌ಗೆ

1975ರಲ್ಲಿ ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಬರೆದಿಟ್ಟದ್ದು ಟೇಪ್ ಕ್ಯಾಸೆಟ್ಟಿನ ಮೇಲೆ. ಹತ್ತು ಸಾವಿರ ಚುಕ್ಕೆಗಳ ಒಂದು ಕಪ್ಪು-ಬಿಳುಪು ಚಿತ್ರ ದಾಖಲಾಗಲು 23 ಸೆಕೆಂಡ್ ಬೇಕಿತ್ತು. 1997ರಲ್ಲಿ ಸೋನಿಯ ಮಾವಿಕಾ ಕ್ಯಾಮೆರಾಗಳು ಕಂಪ್ಯೂಟರಿನ ಫ್ಲಾಪಿಯನ್ನೇ ಹೊಟ್ಟೆಯೊಳಗೆ ಇಟ್ಟುಕೊಂಡು ಬಂದವು. ಆ ಫ್ಲಾಪಿಯ ಸಾಮರ್ಥ್ಯ 1.44 ಎಂಬಿ, ಇಂದಿನ ಒಂದು ಸಾಧಾರಣ ಜೆಪೆಗ್ ಚಿತ್ರವೂ ಅದರಲ್ಲಿ ಹಿಡಿಸುವುದಿಲ್ಲ.

ಚಿತ್ರ ಸಂಗ್ರಹದ ದಾರಿ ಬದಲಿಸಿದ್ದು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುಓಕ ಎಂಬ ವಿಜ್ಞಾನಿ ಇದರ ಜನಕ. ಅವರ ತಂಡ 1987ರಲ್ಲಿ ಮುಂದಿಟ್ಟ ನ್ಯಾಂಡ್ ಮಾದರಿಯೇ ಇಂದಿನ ಕಾರ್ಡುಗಳ ಬುನಾದಿ. ಚಿಪ್‌ನೊಳಗಿನ ಕೋಟ್ಯಂತರ ಕೋಶಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಬಂಧಿಸಿಟ್ಟರೆ ವಿದ್ಯುತ್ ಹೋದ ಮೇಲೂ ಅವು ಅಲ್ಲೇ ಇರುತ್ತವೆ. ತಿರುಗುವ ತಟ್ಟೆಯಿಲ್ಲ, ಸುತ್ತುವ ಟೇಪಿಲ್ಲ. ಕ್ಯಾಮೆರಾಗೆ ಬೇಕಾಗಿದ್ದದ್ದು ಇಂಥದೇ ಸಂಗ್ರಹ.

1994ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ತಂದಿತು. ಈ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಈಗ ಮೈಕ್ರಾನ್ ಕಂಪನಿಯ ಮುಖ್ಯಸ್ಥರು. ಸ್ಯಾನ್‌ಡಿಸ್ಕ್‌ನ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ಕಾಂಪ್ಯಾಕ್ಟ್‌ಫ್ಲ್ಯಾಶ್‌ನ ಬೆನ್ನಿಗೇ ತೋಶಿಬಾದ ಸ್ಮಾರ್ಟ್‌ಮೀಡಿಯಾ, 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ ತಂದ ಎಕ್ಸ್‌ಡಿ ಕಾರ್ಡ್ ಬಂದವು. ಕಂಪನಿಗೊಂದು ಕಾರ್ಡ್, ಕಾರ್ಡಿಗೊಂದು ಆಕಾರ.

ಈ ಗೊಂದಲದ ನಡುವೆ 1999ರಲ್ಲಿ ಪ್ಯಾನಸೋನಿಕ್, ತೋಶಿಬಾ ಮತ್ತು ಸ್ಯಾನ್‌ಡಿಸ್ಕ್ ಒಟ್ಟಾಗಿ ಪ್ರಕಟಿಸಿದ ಎಸ್‌ಡಿ ಕಾರ್ಡ್ ಕೊನೆಗೆ ಗೆದ್ದಿತು. ಹಟ ಹಿಡಿದಿದ್ದ ಸೋನಿಯೂ 2010ರಲ್ಲಿ ತನ್ನ ಕ್ಯಾಮೆರಾಗಳಿಗೆ ಎಸ್‌ಡಿ ಕಿಂಡಿ ಕೊಟ್ಟಿತು. ಆಕಾರದ ಜಗಳ ಬಹುಪಾಲು ಮುಗಿಯಿತು. ಆದರೆ ಹೊರಗಿನ ಆಕಾರ ಒಂದೇ ಉಳಿದು ಒಳಗಿನದು ಮಾತ್ರ ಬದಲಾಗುತ್ತ ಹೋದದ್ದರಿಂದ ಹೊಸ ತೊಡಕು ಹುಟ್ಟಿತು: ಕಿಂಡಿಯಲ್ಲಿ ಸಲೀಸಾಗಿ ಕೂರುವ ಕಾರ್ಡ್ ಕೆಲಸ ಮಾಡುತ್ತದೆ ಎಂಬ ಖಾತ್ರಿ ಇಲ್ಲವಾಯಿತು.

ಸಾಮರ್ಥ್ಯದ ತಲೆಮಾರುಗಳು

ಮೊದಲ ತಲೆಮಾರಿನ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಅದನ್ನು 32 ಜಿಬಿಗೆ ಏರಿಸಿತು. 2009ರ ಎಸ್‌ಡಿಎಕ್ಸ್‌ಸಿ 2 ಟಿಬಿಯವರೆಗೆ ಕೊಂಡೊಯ್ದಿತು. 2018ರ ಎಸ್‌ಡಿಯುಸಿ ಎಂಬ ನಾಲ್ಕನೆಯ ತಲೆಮಾರಿಗೆ ಕಾಗದದ ಮೇಲಿನ ಮಿತಿ 128 ಟಿಬಿ. ಸದ್ಯಕ್ಕೆ ಸಾಮಾನ್ಯ ಗ್ರಾಹಕರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಲ್ಲಿನ ನಿಯಮ ಒಮ್ಮುಖದ್ದು. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಸ್ವೀಕರಿಸುತ್ತದೆ; ಹಳೆಯ ಕ್ಯಾಮೆರಾ ಹೊಸ ಕಾರ್ಡನ್ನು ಸ್ವೀಕರಿಸುವುದಿಲ್ಲ. ಎಸ್‌ಡಿಎಕ್ಸ್‌ಸಿ ಕ್ಯಾಮೆರಾದಲ್ಲಿ 8 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡ್ ಓಡುತ್ತದೆ. ಬರಿಯ ‘ಎಸ್‌ಡಿ’ ಲಾಂಛನವಿರುವ 2004ರ ಕ್ಯಾಮೆರಾಗೆ 32 ಜಿಬಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಎನ್ನುತ್ತದೆ. ಕಾರಣ, ಕಾರ್ಡಿನೊಳಗಿನ ಜಾಗಗಳಿಗೆ ವಿಳಾಸ ಕೊಡುವ ವಿಧಾನವೇ ಎಸ್‌ಡಿಎಚ್‌ಸಿಯಲ್ಲಿ ಬದಲಾಯಿತು. ಮೊದಲು ಒಂದೊಂದು ಬೈಟ್‌ಗೂ ಒಂದು ವಿಳಾಸವಿತ್ತು. ನಂತರ 512 ಬೈಟ್‌ಗಳ ಕಟ್ಟಿಗೊಂದು ವಿಳಾಸ. ಹಳೆಯ ಕ್ಯಾಮೆರಾಗೆ ಈ ಹೊಸ ಪದ್ಧತಿ ಗೊತ್ತೇ ಇಲ್ಲ.

ಜೊತೆಗೆ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯೂ ಬದಲಾಗುತ್ತ ಬಂತು. ಮೊದಲ ತಲೆಮಾರಿನದು ಫ್ಯಾಟ್16, ಎಸ್‌ಡಿಎಚ್‌ಸಿಯದು ಫ್ಯಾಟ್32, ಎಸ್‌ಡಿಎಕ್ಸ್‌ಸಿಯದು ಎಕ್ಸ್‌ಫ್ಯಾಟ್. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ನಾಟಕವನ್ನೋ ಯಕ್ಷಗಾನವನ್ನೋ ಒಂದೇ ಸಮ ಚಿತ್ರೀಕರಿಸಿದಾಗ ವಿಡಿಯೊ ತುಂಡುತುಂಡಾಗಿ ಸಿಕ್ಕರೆ, ಬಹುಮಟ್ಟಿಗೆ ಅದರ ಹಿಂದಿರುವುದು ಈ ಮಿತಿ.

ಇನ್ನೊಂದು ಸಣ್ಣ ಅನುಮಾನವನ್ನೂ ಇಲ್ಲೇ ಬಗೆಹರಿಸಬಹುದು. 64 ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ 59.6 ಜಿಬಿ ಎಂದು ತೋರಿಸುತ್ತದೆ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ತೂಬಿನ ಲೆಕ್ಕ

ಗಟ್ಟಿಮೇಳದ ಹೊತ್ತಿಗೆ ಕ್ಯಾಮೆರಾ ನಿಂತದ್ದೇಕೆ? ತೆಗೆದ ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಕ್ಯಾಮೆರಾದೊಳಗಿನ ಬಫರ್ ಎಂಬ ತಾತ್ಕಾಲಿಕ ಸಂಗ್ರಹಕ್ಕೆ ಬಂದು, ಅಲ್ಲಿಂದ ಕಾರ್ಡಿಗೆ ಇಳಿಯುತ್ತದೆ. ಬಫರನ್ನು ಒಂದು ಕೆರೆ ಎಂದುಕೊಳ್ಳಿ. ಮಳೆ ಜೋರಾದಾಗ ಹಳ್ಳದ ನೀರು ರಭಸದಿಂದ ಒಳಗೆ ಬರುತ್ತದೆ, ಹೊರಗೆ ಹೋಗುವುದು ಮಾತ್ರ ತೂಬಿನ ಅಳತೆಗೆ ತಕ್ಕಷ್ಟೇ. ಕೆರೆ ತುಂಬಿದ ಮೇಲೆ ಒಳಗೆ ಬಿಟ್ಟುಕೊಳ್ಳಲು ಜಾಗವಿಲ್ಲ. ಕಾರ್ಡಿಗೆ ಬರೆಯುವ ವೇಗವೇ ಆ ತೂಬು.

ಅಂದಾಜಿನ ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಸಂಸ್ಕರಿಸದ) ಕಡತ ಸುಮಾರು 25 ಎಂಬಿ. ಸೆಕೆಂಡಿಗೆ ಹತ್ತು ಚಿತ್ರ ತೆಗೆದರೆ ಒಳಬರುವುದು 250 ಎಂಬಿ. ಕಾರ್ಡ್ ಸೆಕೆಂಡಿಗೆ 80 ಎಂಬಿ ಬರೆದುಕೊಂಡರೆ, ಪ್ರತಿ ಸೆಕೆಂಡಿಗೂ 170 ಎಂಬಿ ಬಫರಿನಲ್ಲೇ ಉಳಿಯುತ್ತದೆ. ಬಫರ್ 1 ಜಿಬಿಯದಾದರೆ ಆರು ಸೆಕೆಂಡಿನೊಳಗೆ ತುಂಬಿ ಶಟರ್ ನಿಲ್ಲುತ್ತದೆ.

ಕಬಿನಿ ಹಿನ್ನೀರಿನ ಅಂಚಿನಲ್ಲಿ ಹುಲಿ ಜಿಂಕೆಯ ಬೆನ್ನಟ್ಟುವಾಗ, ರಂಗನತಿಟ್ಟಿನಲ್ಲಿ ರಿವರ್ ಟರ್ನ್ ಹಕ್ಕಿ ಮೀನಿಗಾಗಿ ನೀರಿಗೆ ಎರಗುವಾಗ ಆರು ಸೆಕೆಂಡ್ ಸಾಲದೆ ಹೋಗಬಹುದು. ವನ್ಯಜೀವಿ ಛಾಯಾಗ್ರಾಹಕರು ವೇಗದ ಕಾರ್ಡಿಗೆ ದುಬಾರಿ ಬೆಲೆ ತೆರುವುದು ಇದಕ್ಕೇ. ಆದರೆ ಮನೆಯ ಹಬ್ಬ, ಹಂಪಿಯ ಪ್ರವಾಸ, ಮಗುವಿನ ನಾಮಕರಣದಂಥ ಸಂದರ್ಭಗಳಲ್ಲಿ ಒಂದೊಂದಾಗಿ ಚಿತ್ರ ತೆಗೆಯುವವರಿಗೆ ಬಫರ್ ತುಂಬುವ ಪ್ರಸಂಗವೇ ಬರುವುದಿಲ್ಲ. ಅವರಿಗೆ ಆ ದುಬಾರಿ ಕಾರ್ಡಿನಿಂದ ಸಿಗುವ ಲಾಭ ಏನೇನೂ ಇಲ್ಲ. ಕಾರ್ಡ್ ಬದಲಿಸಿದ ಮಾತ್ರಕ್ಕೆ ಚಿತ್ರದ ಗುಣಮಟ್ಟವೂ ಸುಧಾರಿಸುವುದಿಲ್ಲ.

ಓದುವ ವೇಗ ಬೇರೆ, ಬರೆಯುವ ವೇಗ ಬೇರೆ

ಈಗ ಆ ದೊಡ್ಡ ಅಂಕಿಗೆ ಬರೋಣ. ‘ಸೆಕೆಂಡಿಗೆ 200 ಎಂಬಿವರೆಗೆ’ ಎಂದಿರುವುದು ಸಾಮಾನ್ಯವಾಗಿ ಓದುವ ವೇಗ. ಅಂದರೆ ಕಾರ್ಡಿನಲ್ಲಿರುವ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗಿನ ವೇಗ. ಕ್ಯಾಮೆರಾಗೆ ಬೇಕಾದ ಬರೆಯುವ ವೇಗ ಅದಕ್ಕಿಂತ ಕಡಿಮೆ. ಅದನ್ನು ಪೊಟ್ಟಣದ ಹಿಂಬದಿಯಲ್ಲಿ ಹುಡುಕಬೇಕು, ಕೆಲವೊಮ್ಮೆ ಅಲ್ಲೂ ಸಿಗುವುದಿಲ್ಲ.

ಇದರಲ್ಲಿ ಇನ್ನೂ ಒಂದು ಮಡಿಕೆಯಿದೆ. ಹೆಚ್ಚಿನ ಎಸ್‌ಡಿ ಕಾರ್ಡುಗಳು ಬಳಸುವ ಯುಎಚ್‌ಎಸ್-1 ಎಂಬ ಸಂಪರ್ಕದ ಗರಿಷ್ಠ ವೇಗವೇ ಸೆಕೆಂಡಿಗೆ 104 ಎಂಬಿ. ಹಾಗಿದ್ದರೆ 170, 200 ಬಂದದ್ದೆಲ್ಲಿಂದ? ಕಂಪನಿಗಳು ತಮ್ಮದೇ ಉಪಾಯದಿಂದ, ತಮ್ಮದೇ ಕಾರ್ಡ್ ರೀಡರ್ ಜೊತೆಗಿದ್ದಾಗ ಈ ವೇಗ ಮುಟ್ಟುತ್ತವೆ. ಕ್ಯಾಮೆರಾಗೆ ಆ ಉಪಾಯ ತಿಳಿಯದು. ಅದು 104ರೊಳಗೇ ಓಡುತ್ತದೆ. ಪೊಟ್ಟಣದಲ್ಲಿ ಸಣ್ಣಕ್ಷರದಲ್ಲಿ ಹೀಗೆ ಬರೆದೂ ಇರುತ್ತಾರೆ.

ಕೆಲವು ಕಾರ್ಡುಗಳ ಮೇಲೆ 633 ಎಕ್ಸ್, 1000 ಎಕ್ಸ್ ಎಂದಿರುತ್ತದೆ. ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ, ಹಳೆಯ ಸಿ.ಡಿ. ಡ್ರೈವ್‌ನ ಕಾಲದ ಅಳತೆ. 1000 ಎಕ್ಸ್ ಎಂದರೆ 150 ಎಂಬಿ. ಅದೂ ಓದುವ ವೇಗವೇ.

ಬೆನ್ನಿನ ಮೇಲೆ ಒಂದು ಸಾಲೋ, ಎರಡೋ

ಕಾರ್ಡನ್ನು ಮಗುಚಿ ಹಾಕಿ. ಹಿತ್ತಾಳೆ ಬಣ್ಣದ ಪಟ್ಟಿಗಳು ಒಂದೇ ಸಾಲಿನಲ್ಲಿದ್ದರೆ ಅದು ಯುಎಚ್‌ಎಸ್-1 ಅಥವಾ ಅದಕ್ಕಿಂತ ಹಳೆಯದು. ಕೆಳಗೆ ಇನ್ನೊಂದು ಸಾಲಿದ್ದರೆ ಅದು ಬಹುಪಾಲು ಯುಎಚ್‌ಎಸ್-2. ಮುಂಬದಿಯ ರೋಮನ್ ಅಂಕಿಯೂ ಅದನ್ನೇ ಹೇಳುತ್ತದೆ. ಎರಡನೆಯ ಸಾಲಿನ ಬಲದಿಂದ ಸೆಕೆಂಡಿಗೆ 312 ಎಂಬಿವರೆಗೆ ಮಾಹಿತಿ ಹರಿಯಬಲ್ಲದು.

ಆದರೆ ಆ ಎರಡನೆಯ ಸಾಲನ್ನು ಮುಟ್ಟುವ ತಂತಿಗಳು ಕ್ಯಾಮೆರಾದ ಕಿಂಡಿಯಲ್ಲೂ ಇರಬೇಕು. ನಿಕಾನ್ ಡಿ3500ನಂಥ ಆರಂಭಿಕ ಹಂತದ ಕ್ಯಾಮೆರಾಗಳಲ್ಲಿ ಅವು ಇರುವುದಿಲ್ಲ. ಅಲ್ಲಿ ಯುಎಚ್‌ಎಸ್-2 ಕಾರ್ಡ್ ಹಾಕಿದರೆ ಕೆಟ್ಟದ್ದೇನೂ ಆಗದು, ಯುಎಚ್‌ಎಸ್-1ರ ವೇಗದಲ್ಲಿ ಸುಮ್ಮನೆ ಕೆಲಸ ಮಾಡುತ್ತದೆ. ಹಲವು ಪಟ್ಟು ಬೆಲೆ ಕೊಟ್ಟದ್ದಷ್ಟೇ ದಂಡ.

ಕ್ಯಾಮೆರಾ ದುಬಾರಿಯಾದ ಮಾತ್ರಕ್ಕೆ ಅದರ ಕಿಂಡಿಯೂ ವೇಗದ್ದು ಎಂದು ತಿಳಿಯಬೇಕಿಲ್ಲ. 2012ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 3 ವೃತ್ತಿಪರರ ಕ್ಯಾಮೆರಾ. ನಮ್ಮ ಮದುವೆ ಮಂಟಪಗಳಲ್ಲೂ ಸಾಕಷ್ಟು ದುಡಿದಿದೆ. ಅದರಲ್ಲಿ ಒಂದು ಕಾಂಪ್ಯಾಕ್ಟ್‌ಫ್ಲ್ಯಾಶ್ ಕಿಂಡಿ, ಒಂದು ಎಸ್‌ಡಿ ಕಿಂಡಿ. ಎಸ್‌ಡಿ ಕಿಂಡಿಗೆ ಯುಎಚ್‌ಎಸ್-1 ಕೂಡ ಗೊತ್ತಿಲ್ಲ. ಎಷ್ಟೇ ವೇಗದ ಎಸ್‌ಡಿ ಕಾರ್ಡ್ ಹಾಕಿದರೂ ಅದು ನಿಧಾನವೇ. ಎರಡೂ ಕಾರ್ಡುಗಳಿಗೆ ಏಕಕಾಲಕ್ಕೆ ಬರೆಯುವಂತೆ ಹೊಂದಿಸಿದರೆ ನಿಧಾನದ ಕಿಂಡಿ ಇಡೀ ಕ್ಯಾಮೆರಾವನ್ನು ತನ್ನ ಹೆಜ್ಜೆಗೆ ಇಳಿಸಿಕೊಳ್ಳುತ್ತದೆ.

ಈಚೆಗೆ ಅಂಗಡಿಗಳಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಿನ ಎಸ್‌ಡಿ, ಮೈಕ್ರೊ ಎಸ್‌ಡಿ ಕಾರ್ಡುಗಳೂ ಕಾಣುತ್ತಿವೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಆಟದ ಯಂತ್ರಕ್ಕೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಬೇಕು. ಇವುಗಳ ಬೆನ್ನಿನಲ್ಲೂ ಎರಡು ಸಾಲಿರುತ್ತದೆ, ಆದರೆ ಎರಡನೆಯ ಸಾಲು ಆಡುವ ಭಾಷೆ ಬೇರೆ. ಯುಎಚ್‌ಎಸ್-2 ಕ್ಯಾಮೆರಾಗೆ ಹಾಕಿದರೆ ಇವು ಯುಎಚ್‌ಎಸ್-1ರ ವೇಗಕ್ಕೆ ಇಳಿಯುತ್ತವೆ.

ವಿಡಿಯೊದವರ ಗುರುತು

ಫೋಟೊ ತೆಗೆಯುವಾಗ ಕಾರ್ಡ್ ನಿಧಾನವಾದರೆ ಕ್ಯಾಮೆರಾ ಕಾಯುತ್ತದೆ. ವಿಡಿಯೊದಲ್ಲಿ ಕಾಯುವ ಪ್ರಶ್ನೆಯಿಲ್ಲ, ದೃಶ್ಯ ನಿರಂತರ. ಒಂದು ಕ್ಷಣ ಕಾರ್ಡ್ ಹಿಂದೆ ಬಿದ್ದರೂ ಚಿತ್ರೀಕರಣ ತಂತಾನೇ ನಿಂತುಹೋಗಬಹುದು. ಹಾಗಾಗಿ ಇಲ್ಲಿ ಮುಖ್ಯವಾದದ್ದು ಕನಿಷ್ಠ ವೇಗ. ‘ಸಿ’ ಅಕ್ಷರದೊಳಗೆ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ. ‘ಯು’ ಒಳಗಿನ 1 ಎಂದರೂ ಅಷ್ಟೇ. 3 ಎಂದರೆ 30 ಎಂಬಿ. ವಿ30, ವಿ60, ವಿ90 ಎಂಬುವಕ್ಕೆ ವಿವರಣೆಯೇ ಬೇಡ, ಅಂಕಿಯೇ ಎಂಬಿಯ ಲೆಕ್ಕ.

ಇಲ್ಲಿ ಹೆಚ್ಚಿನವರು ಎಡವುವುದು ಬಿಟ್ ಮತ್ತು ಬೈಟ್‌ಗಳ ನಡುವೆ. ಕ್ಯಾಮೆರಾದ ಕೈಪಿಡಿ ವಿಡಿಯೊ ದರವನ್ನು ಮೆಗಾಬಿಟ್‌ನಲ್ಲಿ ಹೇಳುತ್ತದೆ, ಕಾರ್ಡ್ ತನ್ನ ವೇಗವನ್ನು ಮೆಗಾಬೈಟ್‌ನಲ್ಲಿ ಹೇಳುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಬೇಕಾದದ್ದು 12.5 ಮೆಗಾಬೈಟ್, ವಿ30 ಕಾರ್ಡ್ ಧಾರಾಳವಾಗಿ ಸಾಕು. 400 ಮೆಗಾಬಿಟ್ ಎಂದರೆ 50 ಮೆಗಾಬೈಟ್. ಆಗ ವಿ60 ಬೇಕು. 100 ಎಂಬ ಅಂಕಿಗೆ ಹೆದರಿ ವಿ90 ಕೊಂಡವರು ಕಾರಣವಿಲ್ಲದೆ ಕೈ ಸುಟ್ಟುಕೊಂಡಂತೆ.

ಸಾಮರ್ಥ್ಯದ ಅಂದಾಜೂ ಇದೇ ಲೆಕ್ಕದಿಂದ ಸಿಗುತ್ತದೆ. 64 ಜಿಬಿ ಕಾರ್ಡಿನಲ್ಲಿ 100 ಮೆಗಾಬಿಟ್‌ನ ವಿಡಿಯೊ ಸುಮಾರು 85 ನಿಮಿಷ ಹಿಡಿಸುತ್ತದೆ. 400 ಮೆಗಾಬಿಟ್‌ನದಾದರೆ 21 ನಿಮಿಷಕ್ಕೇ ಕಾರ್ಡ್ ಭರ್ತಿ.

ಎ1, ಎ2 ಎಂಬ ಗುರುತುಗಳನ್ನು ನೋಡಿ ಗಲಿಬಿಲಿಯಾಗುವುದು ಬೇಡ. ಅವು ಮೊಬೈಲ್ ಫೋನಿನಲ್ಲಿ ಆ್ಯಪ್‌ಗಳನ್ನು ಕಾರ್ಡಿನಿಂದಲೇ ಓಡಿಸುವವರಿಗಾಗಿ. ಕ್ಯಾಮೆರಾಗೆ ಅವುಗಳಿಂದ ಆಗಬೇಕಾದ್ದೇನೂ ಇಲ್ಲ.

ಬೇರೆಯದೇ ಕಿಂಡಿ

8ಕೆ ವಿಡಿಯೊ ಬಂದ ಮೇಲೆ ಎಸ್‌ಡಿಗೆ ಏದುಸಿರು ಹತ್ತಿತು. 2020ರ ಕ್ಯಾನನ್ ಇಒಎಸ್ ಆರ್5ರಲ್ಲಿ 8ಕೆ ರಾ ವಿಡಿಯೊದ ದರ ಸೆಕೆಂಡಿಗೆ ಸುಮಾರು 2600 ಮೆಗಾಬಿಟ್, ಅಂದರೆ 325 ಮೆಗಾಬೈಟ್. ಯುಎಚ್‌ಎಸ್-2ರ ಗರಿಷ್ಠ ವೇಗವೇ 312. ಅದಕ್ಕೇ ಆ ಕ್ಯಾಮೆರಾದಲ್ಲಿ ಒಂದು ಎಸ್‌ಡಿ ಕಿಂಡಿಯ ಜೊತೆಗೆ ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬೇರೆ ಜಾತಿಯ ಕಾರ್ಡಿನ ಕಿಂಡಿಯಿದೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗಳಲ್ಲಿರುವ ತಂತ್ರಜ್ಞಾನವನ್ನೇ ಇದು ಬಳಸುತ್ತದೆ.

ಸಿಎಫ್‌ಎಕ್ಸ್‌ಪ್ರೆಸ್‌ನಲ್ಲೂ ಎ ಮತ್ತು ಬಿ ಎಂಬ ಎರಡು ಅಳತೆಗಳು ಕ್ಯಾಮೆರಾಗಳಲ್ಲಿ ಚಾಲ್ತಿಯಲ್ಲಿವೆ. ಸೋನಿ ಹಿಡಿದದ್ದು ಸಣ್ಣ ಅಳತೆಯ ಎ. ಕ್ಯಾನನ್, ನಿಕಾನ್ ಹಿಡಿದದ್ದು ದೊಡ್ಡದಾದ ಬಿ. ಒಂದರ ಕಿಂಡಿಗೆ ಇನ್ನೊಂದು ಹೋಗುವುದಿಲ್ಲ. ಸೋನಿಯ ಎ7 4 ಕ್ಯಾಮೆರಾದಲ್ಲಿ ಎರಡು ಕಿಂಡಿಗಳಿದ್ದರೂ ಎ ಕಾರ್ಡ್ ಹಿಡಿಯುವುದು ಒಂದರಲ್ಲಿ ಮಾತ್ರ. ಅದೇ ಕಿಂಡಿ ಎಸ್‌ಡಿಯನ್ನೂ ಒಪ್ಪಿಕೊಳ್ಳುತ್ತದೆ.

ಕೆಲವೊಮ್ಮೆ ಹೊಂದಾಣಿಕೆ ಆಮೇಲೂ ಬರಬಹುದು. 2018ರಲ್ಲಿ ನಿಕಾನ್ ಝಡ್6 ಮತ್ತು ಝಡ್7 ಬಂದಾಗ ಅವು ಎಕ್ಸ್‌ಕ್ಯೂಡಿ ಎಂಬ ಕಾರ್ಡನ್ನಷ್ಟೇ ಒಪ್ಪುತ್ತಿದ್ದವು. ಅದರ ಆಕಾರ ಸಿಎಫ್‌ಎಕ್ಸ್‌ಪ್ರೆಸ್ ಬಿಯದೇ. ಮುಂದೆ ಕಂಪನಿ ಕೊಟ್ಟ ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಹಾಕಿಕೊಂಡ ಮೇಲೆ ಅದೇ ಕಿಂಡಿ ಹೊಸ ಕಾರ್ಡನ್ನೂ ಗುರುತಿಸತೊಡಗಿತು. ಹಳೆಯ ಕ್ಯಾಮೆರಾವನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡವರು ಕಾರ್ಡ್ ದೂರುವ ಮುನ್ನ ಫರ್ಮ್‌ವೇರ್ ನೋಡುವುದು ಒಳ್ಳೆಯದು.

ಅಟ್ಟದಿಂದ ಇಳಿದ ಕ್ಯಾಮೆರಾ

ಇಪ್ಪತ್ತು ವರ್ಷದ ಹಿಂದಿನ ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೆ ಈಗ ಕಾಲೇಜು ಹುಡುಗ ಹುಡುಗಿಯರಲ್ಲಿ ಮತ್ತೆ ಬೇಡಿಕೆ. ಅಪ್ಪ ಅಮ್ಮನ ಕಾಲದ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದರೆ ಬ್ಯಾಟರಿಯಷ್ಟೇ ದೊಡ್ಡ ತಲೆನೋವು ಕಾರ್ಡಿನದು.

ಎಸ್‌ಡಿ ಕಿಂಡಿಯಿದ್ದರೆ ಮುಚ್ಚಳದ ಬಳಿಯ ಲಾಂಛನ ನೋಡಿ. ಎಸ್‌ಡಿಎಚ್‌ಸಿ ಎಂದಿದ್ದರೆ 4ರಿಂದ 32 ಜಿಬಿಯ ಕಾರ್ಡ್ ನಡೆಯುತ್ತದೆ. ಬರಿಯ ಎಸ್‌ಡಿ ಎಂದಿದ್ದರೆ 2 ಜಿಬಿ ಅಥವಾ ಅದಕ್ಕಿಂತ ಚಿಕ್ಕದನ್ನೇ ಹುಡುಕಬೇಕು. ಹಳೆಯ ಫೋನುಗಳಲ್ಲಿದ್ದ 1 ಜಿಬಿ, 2 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್ ಮನೆಯಲ್ಲೇ ಇದ್ದರೆ ಅಡಾಪ್ಟರ್‌ಗೆ ತುರುಕಿ ಬಳಸಬಹುದು. ಐದಾರು ಮೆಗಾಪಿಕ್ಸೆಲ್‌ನ ಚಿತ್ರಗಳಿಗೆ 2 ಜಿಬಿ ಎಂದರೆ ನೂರಾರು ಚಿತ್ರಗಳ ಜಾಗ.

ಎಕ್ಸ್‌ಡಿ ಮತ್ತು ಸ್ಮಾರ್ಟ್‌ಮೀಡಿಯಾ ಹಾಗಲ್ಲ. ಅವುಗಳ ತಯಾರಿಕೆ ನಿಂತು ವರ್ಷಗಳೇ ಆದವು. ಎಕ್ಸ್‌ಡಿ 2 ಜಿಬಿಗೇ ನಿಂತಿತು, ಸ್ಮಾರ್ಟ್‌ಮೀಡಿಯಾ 128 ಎಂಬಿ ದಾಟಲೇ ಇಲ್ಲ. ಕ್ಯಾಮೆರಾ ನೂರಕ್ಕೆ ಸಿಕ್ಕರೂ ಕಾರ್ಡಿಗೆ ಸಾವಿರ ಕೇಳುವ ಮಾರುಕಟ್ಟೆ ಇದು. ಆದ್ದರಿಂದ ಇಂಥ ಕ್ಯಾಮೆರಾ ಕೊಳ್ಳುವಾಗ ಕಾರ್ಡನ್ನೂ ಸೇರಿಸಿ ಕೇಳಿ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕ್ಯಾಮೆರಾವಾದರೆ ಕಿಂಡಿಯೊಳಗೆ ಬೆಳಕು ಬಿಟ್ಟು 50 ಸೂಜಿಗಳೂ ನೆಟ್ಟಗಿವೆಯೇ ಎಂದು ನೋಡಿಕೊಳ್ಳಿ. ಒಂದು ಬಾಗಿದರೂ ಕಾರ್ಡ್ ಓದದೆ ಹೋಗಬಹುದು.

ಇಲ್ಲದ ಜಾಗ ತೋರಿಸುವ ಕಾರ್ಡ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ಮೊಬೈಲ್ ಪರದೆಯ ಮಳಿಗೆಯಾಗಲಿ, ನಂಬಲಾಗದ ಬೆಲೆಗೆ 1 ಟಿಬಿ ಕಾರ್ಡ್ ಕಂಡರೆ ನಂಬದಿರುವುದೇ ಜಾಣತನ. ಪ್ರತಿ ಕಾರ್ಡಿನಲ್ಲೂ ಮೆಮೊರಿ ಚಿಪ್ ಜೊತೆಗೆ ಅದನ್ನು ನಿಭಾಯಿಸುವ ನಿಯಂತ್ರಕವೊಂದು ಇರುತ್ತದೆ. ಕ್ಯಾಮೆರಾ ‘ನಿನ್ನಲ್ಲಿ ಎಷ್ಟು ಜಾಗವಿದೆ?’ ಎಂದು ಕೇಳಿದಾಗ ಉತ್ತರಿಸುವುದು ಅದೇ. ನಕಲಿ ಕಾರ್ಡಿನಲ್ಲಿ ಈ ನಿಯಂತ್ರಕಕ್ಕೆ ಸುಳ್ಳು ಹೇಳಿಕೊಟ್ಟಿರುತ್ತಾರೆ. ಒಳಗಿರುವುದು 16 ಜಿಬಿ, ಹೇಳುವುದು 512.

ಮೊದಲ 16 ಜಿಬಿಯವರೆಗೆ ಎಲ್ಲವೂ ಸರಿ. ಆಮೇಲಿನ ಚಿತ್ರಗಳು ಹಳೆಯವನ್ನು ಅಳಿಸಿ ಕೂರುತ್ತವೆ, ಇಲ್ಲವೇ ಎಲ್ಲೂ ದಾಖಲಾಗುವುದೇ ಇಲ್ಲ. ಕಡತಗಳ ಹೆಸರು ಪಟ್ಟಿಯಲ್ಲಿ ಕಾಣುತ್ತಿರುತ್ತದೆ, ತೆರೆದರೆ ಖಾಲಿ. ಪ್ರವಾಸ ಮುಗಿಸಿ ಮನೆಗೆ ಬರುವವರೆಗೆ ಗೊತ್ತಾಗುವುದೂ ಇಲ್ಲ.

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೇ ಮತ್ತೆ ಓದಿ ತಾಳೆ ನೋಡುತ್ತವೆ. ಕೆಲವು ಗಂಟೆ ಹಿಡಿಯಬಹುದು. ಹೊಸ ಕಾರ್ಡ್ ತಂದ ದಿನವೇ, ವಾಪಸ್ ಕೊಡುವ ಗಡುವು ಇರುವಾಗಲೇ ಇದನ್ನು ಮಾಡಿ.

ಬಾಳಿಕೆಯ ಮಾತು

ಫ್ಲ್ಯಾಶ್ ಕೋಶಗಳನ್ನು ಎಷ್ಟು ಬಾರಿ ಅಳಿಸಿ ಬರೆಯಬಹುದು ಎಂಬುದಕ್ಕೆ ಮಿತಿಯಿದೆ. ನಿಯಂತ್ರಕ ಈ ಸವೆತವನ್ನು ಎಲ್ಲ ಕೋಶಗಳಿಗೂ ಹಂಚುವುದರಿಂದ ಹವ್ಯಾಸಿಯ ಕಾರ್ಡ್ ಸವೆದು ಸಾಯುವುದು ಅಪರೂಪ. ಕಾರ್ಡುಗಳು ಹೆಚ್ಚಾಗಿ ಕೆಡುವುದು ನಮ್ಮ ಆತುರದಿಂದ: ಕೆಂಪು ದೀಪ ಮಿಣುಕುತ್ತಿರುವಾಗಲೇ ಹೊರಗೆಳೆಯುವುದು, ಬ್ಯಾಟರಿ ಮುಗಿಯುವವರೆಗೆ ಚಿತ್ರೀಕರಿಸುವುದು. ಆಗ ಕಡತಗಳ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ.

ಹೊಸ ಕಾರ್ಡನ್ನು ಬಳಸುವ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ ಖಾತ್ರಿಯಾದ ಮೇಲೆ ಮತ್ತೆ ಫಾರ್ಮ್ಯಾಟ್. ಕೈತಪ್ಪಿ ಅಳಿಸಿದರೆ ಕಂಗಾಲಾಗಬೇಕಿಲ್ಲ. ಸಾಮಾನ್ಯ ಅಳಿಸುವಿಕೆಯಲ್ಲಿ ಹೋಗುವುದು ಪಟ್ಟಿಯಲ್ಲಿನ ಹೆಸರು ಮಾತ್ರ, ಚಿತ್ರದ ಮಾಹಿತಿ ಹೊಸದು ಬಂದು ಕೂರುವವರೆಗೆ ಉಳಿದಿರುತ್ತದೆ. ತಕ್ಷಣ ಕಾರ್ಡ್ ಬಳಕೆ ನಿಲ್ಲಿಸಿದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಬಹಳಷ್ಟನ್ನು ಮರಳಿ ಪಡೆಯಬಹುದು.

ಪಕ್ಕದ ಪುಟ್ಟ ಬೀಗದ ಗುಂಡಿ ‘ಲಾಕ್’ ಕಡೆ ಜಾರಿದರೆ ಕ್ಯಾಮೆರಾ ಬರೆಯಲು ಒಪ್ಪುವುದಿಲ್ಲ. ಆ ಗುಂಡಿಗೂ ಒಳಗಿನ ಚಿಪ್‌ಗೂ ಸಂಬಂಧವಿಲ್ಲ. ಅದು ಎಲ್ಲಿದೆ ಎಂದು ಕಿಂಡಿ ತಡವಿ ನೋಡುತ್ತದೆ, ಅಷ್ಟೇ. ಗುಂಡಿ ಸಡಿಲವಾದ ಕಾರ್ಡ್ ಒಳ್ಳೆಯದೇ ಆಗಿದ್ದರೂ ಮುಖ್ಯ ಕೆಲಸಕ್ಕೆ ಬೇಡ.

ಕೋಶದಲ್ಲಿ ಕೂಡಿಟ್ಟ ಎಲೆಕ್ಟ್ರಾನ್‌ಗಳು ವರ್ಷಗಳು ಕಳೆದಂತೆ ನಿಧಾನವಾಗಿ ಸೋರುತ್ತವೆ. ಮದುವೆಯ ಚಿತ್ರಗಳನ್ನು ಕಾರ್ಡಿನಲ್ಲೇ ಬಿಟ್ಟು ಬೀರುವಿನಲ್ಲಿಡುವುದು ಸಂಗ್ರಹವಲ್ಲ. ಕಾರ್ಡ್ ಸಾಗಾಟಕ್ಕೆ, ಕಾಪಿಡಲು ಹಾರ್ಡ್ ಡಿಸ್ಕ್ ಮತ್ತು ಇನ್ನೊಂದು ಕಡೆ ಇನ್ನೊಂದು ಪ್ರತಿ.

ಕೊಳ್ಳುವ ಕ್ರಮ

ಅಂಗಡಿಗೆ ಹೋಗುವ ಮುನ್ನ ಕ್ಯಾಮೆರಾದ ಕೈಪಿಡಿಯಲ್ಲಿ ಮೂರು ವಿಷಯ ಹುಡುಕಿ: ಕಿಂಡಿ ಯಾವ ಜಾತಿಯದು, ಯಾವ ತಲೆಮಾರಿನವರೆಗೆ ಒಪ್ಪುತ್ತದೆ, ಯುಎಚ್‌ಎಸ್-1 ಮಾತ್ರವೋ 2 ಕೂಡವೋ. ಎರಡು ಕಿಂಡಿಗಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ವಿಡಿಯೊ ಮಾಡುವವರು ತಾವು ಬಳಸುವ ದರವನ್ನು ಎಂಟರಿಂದ ಭಾಗಿಸಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ವಿ ಗುರುತು ಆರಿಸಿಕೊಳ್ಳಿ. ಸಾಲುಸಾಲು ಚಿತ್ರ ತೆಗೆಯುವವರು ಬರೆಯುವ ವೇಗ ಎಷ್ಟು ಎಂದು ಕೇಳಿ. ಇಬ್ಬರೂ ಅಲ್ಲದವರಿಗೆ ಒಳ್ಳೆಯ ಕಂಪನಿಯ ವಿ30 ಗುರುತಿನ, ಯುಎಚ್‌ಎಸ್-1 ಕಾರ್ಡ್ ಸಾಕು.

ಹೀಗೆ ಅಳೆದು ಕೊಂಡರೆ ಹೆಚ್ಚಿನವರ ಕೈಯಲ್ಲಿ ಒಂದಷ್ಟು ಹಣ ಮಿಗುತ್ತದೆ. ಅದರಲ್ಲಿ ಅಂಥದೇ ಇನ್ನೊಂದು ಕಾರ್ಡ್ ಕೊಳ್ಳಿ. 256 ಜಿಬಿಯ ಒಂದು ಕಾರ್ಡ್ ಕೈಕೊಟ್ಟರೆ ಇಡೀ ಪ್ರವಾಸ ಹೋದಂತೆ. 64 ಜಿಬಿಯ ನಾಲ್ಕರಲ್ಲಿ ಒಂದು ಹೋದರೆ ಮುಕ್ಕಾಲು ಪಾಲು ಉಳಿಯುತ್ತದೆ. ಎರಡು ಕಿಂಡಿಯ ಕ್ಯಾಮೆರಾದಲ್ಲಿ ಎರಡಕ್ಕೂ ಒಂದೇ ಚಿತ್ರ ಬರೆಸಿದರೆ ನಷ್ಟದ ಭಯ ಇನ್ನೂ ಕಡಿಮೆ. ಎಷ್ಟೇ ವೇಗದ ಕಾರ್ಡಾದರೂ ತನ್ನಷ್ಟಕ್ಕೆ ಈ ರಕ್ಷಣೆ ಕೊಡಲಾರದು.